ಕೋಡಿಯ ಮಠದ ಜಗಲಿ



ದತ್ತಿ ಉಪನ್ಯಾಸಕ್ಕೆ ಕರೆ ಬಂದಾಗ ನನ್ನ ಮನಸ್ಸು ಮೊದಲು ಹೋದದ್ದು ಆ ಪದದ ಕಡೆಗೇ. ಇದು ಬ್ಯಾಂಕಿನ ಠೇವಣಿ ಪತ್ರದಿಂದ ಬಂದ ಪದವಲ್ಲ. ಈ ಸೀಮೆಯ ಕಲ್ಲುಗಳ ಮೇಲೆ ಸಾವಿರ ವರ್ಷದಿಂದ ಇರುವ ಪದ. ದಾನ ಕೊಟ್ಟವರು, ಕೊಟ್ಟ ಭೂಮಿ, ಅದರ ಎಲ್ಲೆ, ಪಡೆದ ಆಚಾರ್ಯರ ಹೆಸರು ಎಲ್ಲವನ್ನೂ ಬರೆಸಿ, ‘ಬಿಟ್ಟ ದತ್ತಿ’ ಎಂದು ಕಡೆಸಿ ನಿಲ್ಲಿಸುತ್ತಿದ್ದರು. ಅಂಥ ದತ್ತಿಗಳಿಂದ ಬಹುಕಾಲ ನಡೆದ ಒಂದು ವಿದ್ಯಾಸಂಸ್ಥೆ ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲೇ ಇತ್ತು. ಅದು ಬಳ್ಳಿಗಾವಿಯ ಕೋಡಿಯ ಮಠ. ಇಂದು ಅದರ ಕಟ್ಟಡದ ಬಗ್ಗೆ ಮಾತಾಡುತ್ತೇನೆ.

ಮಾತಿನ ಎಲ್ಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬಳ್ಳಿಗಾವಿಯ ಇತಿಹಾಸವನ್ನೆಲ್ಲ ಒಂದು ಗಂಟೆಯಲ್ಲಿ ಹೇಳಲು ಹೊರಟಿಲ್ಲ. ಮಠ ನಿಂತಿದ್ದ ಜಾಗ ಯಾವುದು, ಇಂದಿಗೂ ಉಳಿದಿರುವ ಕೇದಾರೇಶ್ವರ ಗುಡಿಯನ್ನು ಹೇಗೆ ಕಟ್ಟಿದ್ದಾರೆ, ಉಳಿಯದೆ ಹೋದ ಮಠದ ಕಟ್ಟಡದ ಬಗ್ಗೆ ಶಾಸನ ಏನು ಹೇಳುತ್ತದೆ ಎಂಬುದಷ್ಟೇ ನನ್ನ ವಿಷಯ. ಇವುಗಳ ನಡುವೆ ನಾನು ಒಂದು ಮಾತನ್ನು ಸಾಧಿಸಲು ನೋಡುತ್ತೇನೆ. ಆ ಗುಡಿಯ ಮುಂದಿನ ತೆರೆದ ಮಂಟಪವನ್ನು ನಾವು ಶಿಲ್ಪವೆಂದು ನೋಡುವುದನ್ನು ಕಲಿತಿದ್ದೇವೆ, ಕೂರುವ ಜಾಗವೆಂದು ನೋಡುವುದನ್ನು ಮರೆತಿದ್ದೇವೆ ಎಂಬುದು ಆ ಮಾತು.

ಹೊರಗಿನ ಒಂದು ಉದಾಹರಣೆಯಿಂದ ಪ್ರಾರಂಭಿಸುತ್ತೇನೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನ್ಯೂ ಕಾಲೇಜ್ ಎಂಬ ಕಾಲೇಜಿದೆ. ಹೆಸರಿಗೆ ‘ಹೊಸದು’, ಆದರೆ 1379ರಲ್ಲಿ ವಿಲಿಯಂ ಆಫ್ ವೈಕ್‌ಹ್ಯಾಂ ಎಂಬ ಬಿಷಪ್ ಸ್ಥಾಪಿಸಿದ್ದು. ಅಲ್ಲಿ ಕಾಲೇಜಿಗೆಂದೇ ಒಂದು ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ ಇದೆ. ಅದರ ಪಕ್ಕದಲ್ಲಿ ಕ್ಲಾಯಿಸ್ಟರ್ ಇದೆ: ನಡುವೆ ಹುಲ್ಲಿನ ಅಂಗಳ, ನಾಲ್ಕೂ ಕಡೆ ಮಾಡು ಹಾಕಿದ ಮೊಗಸಾಲೆ. ನಮ್ಮ ಮಲೆನಾಡಿನ ತೊಟ್ಟಿಮನೆಯ ಪಡಸಾಲೆಯನ್ನು ಕಲ್ಲಿನಲ್ಲಿ ಕಟ್ಟಿದರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ. ಅಲ್ಲಿ ದೇವರು, ಓದು, ಊಟ, ವಾಸ ಎಲ್ಲವೂ ಒಂದೇ ಆವರಣದೊಳಗಿದ್ದವು. ಆ ಕಟ್ಟಡಗಳು ಇಂದಿಗೂ ಬಳಕೆಯಲ್ಲಿವೆ, ಹಾಗಾಗಿ ಅಲ್ಲಿಗೆ ಹೋದವರಿಗೆ ಇದು ಕಾಲೇಜು ಎಂದು ಯಾರೂ ವಿವರಿಸಬೇಕಾಗಿಲ್ಲ. ಬಳ್ಳಿಗಾವಿಯಲ್ಲಿ ಇದೇ ಬಗೆಯ ಆವರಣ ಅದಕ್ಕೂ ಮುನ್ನೂರು ವರ್ಷ ಮೊದಲೇ ನಡೆಯುತ್ತಿತ್ತು. ಅಲ್ಲಿ ಗುಡಿ ಉಳಿಯಿತು, ಶಾಲೆ ಉಳಿಯಲಿಲ್ಲ. ಆದ್ದರಿಂದ ನಾವು ಗುಡಿಗೆ ಹೋಗಿ ಕೈಮುಗಿದು, ಫೋಟೊ ತೆಗೆದು ಬರುತ್ತೇವೆ.

ಈಗ ಜಾಗದ ವಿಚಾರಕ್ಕೆ ಬರೋಣ. ಕೋಡಿ ಎಂದರೇನು ಎಂದು ಇಲ್ಲಿರುವ ರೈತರ ಮಕ್ಕಳಿಗೆ ನಾನು ಹೇಳಿಕೊಡಬೇಕಿಲ್ಲ. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹರಿದುಹೋಗುವ ದಾರಿ ಅದು. ಬಳ್ಳಿಗಾವಿಯ ತಾವರೆಕೆರೆಯ ಕೋಡಿಯ ಹತ್ತಿರ ಇದ್ದದ್ದರಿಂದ ಇದಕ್ಕೆ ಕೋಡಿಯ ಮಠವೆಂದು ಹೆಸರು. ಒಂದು ದೊಡ್ಡ ವಿದ್ಯಾಸಂಸ್ಥೆಗೆ ರಾಜನ ಹೆಸರಾಗಲಿ ದೇವರ ಹೆಸರಾಗಲಿ ನಿಲ್ಲದೆ ಕೆರೆಯ ಕೋಡಿಯ ಹೆಸರು ನಿಂತಿದೆಯಲ್ಲ, ಇದು ನನಗೆ ಬಹಳ ಪ್ರಿಯವಾದ ಸಂಗತಿ. ಊರಿನವರು ಕರೆದ ಹೆಸರೇ ಶಾಸನಕ್ಕೂ ಹೋಯಿತು.

ಆಗಿನ ಬಳ್ಳಿಗಾವಿ ಇಂದಿನಂಥ ಹಳ್ಳಿಯಾಗಿರಲಿಲ್ಲ. ಅದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ಶಾಸನಗಳು ಅಲ್ಲಿನ ಮೂರು ಪುರ, ಐದು ಮಠ, ಏಳು ಬ್ರಹ್ಮಪುರಿಗಳ ಮಾತಾಡುತ್ತವೆ. ಶೈವರ ಜೊತೆಗೆ ವೈಷ್ಣವರ ಗುಡಿಗಳಿದ್ದವು, ಜೈನ ಬಸದಿಗಳಿದ್ದವು, ಹನ್ನೊಂದನೆಯ ಶತಮಾನದಲ್ಲಿ ದಂಡನಾಯಕ ರೂಪಭಟ್ಟಯ್ಯ ಕಟ್ಟಿಸಿದ ಬೌದ್ಧ ವಿಹಾರವೂ ಇತ್ತು. 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಗಂಡಭೇರುಂಡದ ಕಂಬವನ್ನು ನೀವೆಲ್ಲ ನೋಡಿರುತ್ತೀರಿ. ಬಳ್ಳಿಗಾವಿಗೆ ಹತ್ತಿರದ ತಾಳಗುಂದದಲ್ಲಿ ಓದಿನ ಪರಂಪರೆ ಇನ್ನೂ ಹಳೆಯದು. ನಾಲ್ಕನೆಯ ಶತಮಾನದಲ್ಲಿ ಮಯೂರಶರ್ಮ ಗುರು ವೀರಶರ್ಮನ ಜೊತೆ ಅಲ್ಲಿಂದ ಕಂಚಿಯ ಘಟಿಕೆಗೆ ಓದಲು ಹೋದದ್ದನ್ನು ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಕವಿ ಕುಬ್ಜ ಬರೆದಿದ್ದಾನೆ. ಆ ಕಂಬ ಇರುವುದೂ ಒಂದು ಕೆರೆಯ ಕಾರಣಕ್ಕೆ, ಕಾಕುಸ್ಥವರ್ಮ ಆ ಗುಡಿಗೆಂದು ಕಟ್ಟಿಸಿದ ಕೆರೆ. ನಮ್ಮ ಸೀಮೆಯಲ್ಲಿ ಗುಡಿ, ಕೆರೆ, ಓದು ಈ ಮೂರೂ ಮೊದಲಿನಿಂದ ಒಟ್ಟಿಗೇ ಬಂದಿವೆ.

ಇನ್ನು ಕಟ್ಟಡ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಲು ಅನುಮತಿ ಕೊಡಿ.

ಕೇದಾರೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, ಹನ್ನೊಂದನೆಯ ಶತಮಾನದ ಕೆಲಸ. ಪೂರ್ವಕ್ಕೆ ಮುಖ. ತ್ರಿಕೂಟ, ಅಂದರೆ ಒಂದೇ ಮಂಟಪಕ್ಕೆ ತೆರೆದುಕೊಳ್ಳುವ ಮೂರು ಗರ್ಭಗುಡಿಗಳು. ಪಶ್ಚಿಮದ್ದರಲ್ಲಿ ಕೇದಾರೇಶ್ವರ ಲಿಂಗ, ದಕ್ಷಿಣದ್ದರಲ್ಲೂ ಲಿಂಗ, ಉತ್ತರದ್ದರಲ್ಲಿ ವಿಷ್ಣು. ಈ ಗುಡಿಯನ್ನು ದಕ್ಷಿಣ ಕೇದಾರವೆಂದು ಕರೆದರು. ಪಶ್ಚಿಮದ ಗರ್ಭಗುಡಿಗೆ ಅಂತರಾಳವಿದೆ, ಉಳಿದ ಎರಡು ಅದಕ್ಕಿಂತ ಚಿಕ್ಕವು. ಮೂರಕ್ಕೂ ಮೂರು ಅಂತಸ್ತಿನ ಶಿಖರಗಳು. ಶಿಖರದ ಮುಂಚಾಚಿನ ಮೇಲೆ ಹುಲಿಯ ಮೇಲೆ ಎರಗಿದ ಸಳನ ಮೂರ್ತಿಯನ್ನೂ ಕಾಣುತ್ತೀರಿ. ಅದು ಹೊಯ್ಸಳರ ಲಾಂಛನ. ಚಾಲುಕ್ಯರ ಗುಡಿಯ ನೆತ್ತಿಯ ಮೇಲೆ ಹೊಯ್ಸಳರ ಗುರುತು ಇದೆ, ಅಂಗಳದಲ್ಲಿ ಕಳಚುರಿ ಬಿಜ್ಜಳನ ಕಾಲದ ದತ್ತಿಯ ಮಾತಿದೆ. ಮೂರು ರಾಜವಂಶಗಳು ಒಂದೇ ಮಠಕ್ಕೆ ನಡೆದುಕೊಂಡದ್ದು ಕಟ್ಟಡದ ಮೈಮೇಲೆಯೇ ಉಳಿದಿದೆ.

ಕಲ್ಲಿನ ಬಗ್ಗೆ ಒಂದು ಮಾತು. ಬಾದಾಮಿ, ಪಟ್ಟದಕಲ್ಲಿನ ಹಳೆಯ ಚಾಲುಕ್ಯರು ಮರಳುಗಲ್ಲಿನಲ್ಲಿ ಕಟ್ಟಿದರು. ಕಲ್ಯಾಣದವರ ಕಾಲಕ್ಕೆ ಕುಶಲಕರ್ಮಿಗಳ ಕೈಗೆ ಬಳಪದ ಕಲ್ಲು ಬಂತು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಉಳಿ ಹೇಳಿದಂತೆ ಕೇಳುತ್ತದೆ, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಈ ಕಲ್ಲು ಸಿಕ್ಕಿದ್ದರಿಂದಲೇ ಕಂಬಗಳನ್ನು ತಿರುಗಣೆಗೆ ಹಾಕಿ ಕಡೆಯಲು ಸಾಧ್ಯವಾಯಿತು. ಬಡಗಿ ತೊಟ್ಟಿಲಿನ ಕಾಲನ್ನು ಚರಕಿಗೆ ಕೊಟ್ಟು ಕಡೆಯುತ್ತಾನಲ್ಲ, ಹಾಗೆ ಎರಡು ಆಳೆತ್ತರದ ಕಲ್ಲಿಗೂ ಮಾಡಿದರು. ಒಂದು ಕಂಬದ ಹತ್ತಿರ ನಿಂತು ಕೆಳಗಿನಿಂದ ಮೇಲಕ್ಕೆ ಕಣ್ಣಾಡಿಸಿ. ಕೆಳಗೆ ಚೌಕದ ಪೀಠ. ಅದರ ಮೇಲೆ ಗಂಟೆಯನ್ನು ಕವುಚಿಟ್ಟಂಥ ಅರಳು, ಆಮೇಲೆ ಕತ್ತಿಯ ಬಾಯಿಯಷ್ಟು ತೆಳ್ಳಗಿನ ಬಳೆಗಳು, ಅದರ ಮೇಲೆ ಕುಂಭ, ಅದರ ಮೇಲೆ ತೊಲೆಯನ್ನು ಹೊರುವ ಅಗಲವಾದ ಹಲಗೆ. ಆ ಬಳೆಗಳ ಮೇಲೆ ಬೆರಳಿಟ್ಟು ಒಂದು ಸುತ್ತು ಬನ್ನಿ. ಉಳಿಯ ಏಟು ಎಲ್ಲೂ ತಗಲುವುದಿಲ್ಲ. ಇಷ್ಟು ಕೆಲಸ ಮಾಡಿದವರು ಅಲ್ಲಿ ವಿಗ್ರಹಗಳನ್ನು ತುಂಬಬಹುದಿತ್ತು, ತುಂಬಲಿಲ್ಲ. ಕಂಬ ಬೋಳಾಗಿಯೇ ನಿಂತಿದೆ, ಬೆಳಕು ಬಿದ್ದಾಗ ಮಾತ್ರ ಅದರ ಸುತ್ತುಗಳು ಎದ್ದುಕಾಣುತ್ತವೆ.

ಈ ಕೆಲಸ ಬಳ್ಳಿಗಾವಿಯವರಿಗೆ ಎಷ್ಟು ಕರಗತವಾಗಿತ್ತು ಎಂಬುದಕ್ಕೆ ಸಾಕ್ಷಿ ಬೇಲೂರಿನಲ್ಲಿದೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ಗುಡಿಯ ಮದನಿಕೆಗಳ ಕೆಳಗೆ ಹೆಸರು ಕೊರೆದವರಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಇದ್ದಾರೆ. ಅಪ್ಪನಿಂದ ಮಗನಿಗೆ ಬಂದ ವಿದ್ಯೆ. ಮಠದಲ್ಲಿ ಪಾಣಿನಿಯನ್ನು ಓದುತ್ತಿದ್ದಾಗ ಇದೇ ಊರಿನ ಇನ್ನೊಂದು ಕೇರಿಯಲ್ಲಿ ಕಲ್ಲಿನ ಪಾಠ ನಡೆಯುತ್ತಿತ್ತು. ಆ ಪಾಠಶಾಲೆಗೆ ಯಾರೂ ಶಾಸನ ಹಾಕಿಸಲಿಲ್ಲ. ಅಲ್ಲಿ ಕಲಿತವರು ತಾವೇ ತಮ್ಮ ಹೆಸರನ್ನು ಬೇಲೂರಿನಲ್ಲಿ ಕೊರೆದುಕೊಂಡರು.

ಈಗ ನಾನು ಹೇಳಲೇಬೇಕೆಂದುಕೊಂಡ ಮಂಟಪಕ್ಕೆ ಬಂದೆ. ಒಳಗಿನ ಮಂಟಪ ಮುಚ್ಚಿದ್ದು, ಕತ್ತಲು. ಅದರ ಮುಂದೆ ದೊಡ್ಡ ಸಭಾಮಂಟಪ. ಇದಕ್ಕೆ ಗೋಡೆಗಳಿಲ್ಲ. ಸೊಂಟದೆತ್ತರದ ಒರಗುಗೋಡೆ, ಅದರ ಮೇಲೆ ಮೋಟುಗಂಬಗಳು, ಮೇಲೆ ಹೊರಗೆ ಚಾಚಿದ ಸೂರು. ಪೂರ್ವ, ಉತ್ತರ, ದಕ್ಷಿಣ ಮೂರೂ ಕಡೆ ಬಾಗಿಲು. ಅಂಗಳದ ಸುತ್ತ ಚಿಕ್ಕ ಗುಡಿಗಳು. ಮಂಟಪದ ಅಂಚು ನೇರ ಚೌಕವಾಗಿಲ್ಲ. ಒಂದು ಮೂಲೆ ಒಳಗೆ ಹೋಗಿ ಇನ್ನೊಂದು ಹೊರಗೆ ಬರುತ್ತದೆ. ಕಲಾಚರಿತ್ರೆಯ ಪುಸ್ತಕಗಳು ಇದನ್ನು ಕಟ್ಟಡದ ಮೈಗೆ ಬೆಳಕು ನೆರಳಿನ ಏರಿಳಿತ ತರುವ ಉಪಾಯವೆಂದು ವಿವರಿಸುತ್ತವೆ. ಅದು ಸರಿಯೇ. ಆದರೆ ಅದು ಹೊರಗೆ ನಿಂತು ನೋಡುವವನ ವಿವರಣೆ.

ಒಂದು ಆಷಾಢದಲ್ಲಿ ಹತ್ತಾರು ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಅಂಗಳದಲ್ಲಿ ನಿಂತು ಶಿಖರದ ಬಗ್ಗೆ ಪಾಠ ಹೇಳುತ್ತಿದ್ದೆ. ಇದ್ದಕ್ಕಿದ್ದಂತೆ ಮಳೆ ಹುಯ್ಯಿತು, ಎಲ್ಲರೂ ಓಡಿಹೋಗಿ ಮಂಟಪ ಸೇರಿದೆವು. ಯಾರಿಗೂ ನಾನು ಜಾಗ ತೋರಿಸಲಿಲ್ಲ. ಹುಡುಗರು ಹುಡುಗಿಯರು ತಾವಾಗಿಯೇ ಆ ಒಳಚಾಚು ಹೊರಚಾಚುಗಳ ಮೂಲೆಗಳಲ್ಲಿ ನಾಲ್ಕು ನಾಲ್ಕು ಜನರಾಗಿ ಕೂತರು. ಕಲ್ಲಿನ ಜಗಲಿ ಅವರ ಮೊಣಕಾಲಿನ ಎತ್ತರಕ್ಕೆ ಸರಿಯಾಗಿತ್ತು, ಹೊರಕ್ಕೆ ವಾಲಿದ ಒರಗುಗೋಡೆ ಬೆನ್ನಿಗೆ ಒದಗಿತು. ಸೂರಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು, ಯಾರ ಪುಸ್ತಕದ ಮೇಲೂ ಹನಿ ಬೀಳಲಿಲ್ಲ. ನಡುವೆ ನಿಂತು ನಾನು ಮಾತು ಮುಂದುವರಿಸಿದೆ, ದನಿ ಏರಿಸಬೇಕಾಗಲಿಲ್ಲ. ಆ ಹೊತ್ತಿಗೆ ನನಗೆ ಈ ಕಟ್ಟಡ ಅರ್ಥವಾಯಿತು. ಒಂದು ಮೂಲೆಯಲ್ಲಿ ವ್ಯಾಕರಣ, ಇನ್ನೊಂದು ಮೂಲೆಯಲ್ಲಿ ತರ್ಕ ಏಕಕಾಲಕ್ಕೆ ನಡೆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಅಡ್ಡವಾಗದು. ಮಲೆನಾಡ ಸೆರಗಿನ ಮಳೆಯನ್ನು ಬಲ್ಲವರು ಕಟ್ಟಿದ ಜಗಲಿ ಇದು. ಇದೇ ಮಂಟಪದಲ್ಲಿ ಪಾಠ ನಡೆಯುತ್ತಿತ್ತೆಂದು ಯಾವ ಶಾಸನದ ಆಧಾರದ ಮೇಲೂ ನಾನು ಹೇಳುತ್ತಿಲ್ಲ. ಬಹಳ ಜನ ಬಹಳ ಹೊತ್ತು ಕೂತು ಕೇಳಲೆಂದೇ ಇದನ್ನು ಅಳೆದು ಕಟ್ಟಿದ್ದಾರೆಂಬುದನ್ನು ಮಾತ್ರ ಕಟ್ಟಡವೇ ಹೇಳುತ್ತದೆ ಎನ್ನುತ್ತಿದ್ದೇನೆ.

ಸೊರಬದಿಂದ ಬಂದವರಿಗೆ ನಾನು ಕುಬಟೂರನ್ನು ಮರೆತೆನೆಂದು ಅನ್ನಿಸಬಾರದು. ಆನವಟ್ಟಿಯ ಹತ್ತಿರದ ಕೈಟಭೇಶ್ವರ ಗುಡಿ ಸುಮಾರು 1100ರದ್ದು. ಅದರ ತೆರೆದ ಮಂಟಪದಲ್ಲೂ ಇದೇ ಬುದ್ಧಿ ಕೆಲಸ ಮಾಡಿದೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಬಳ್ಳಿಗಾವಿಯಲ್ಲೇ ಇರುವ ತ್ರಿಪುರಾಂತಕ ಗುಡಿಯ ಸೊಬಗು ಬೇರೆ ಬಗೆಯದು. ಅಲ್ಲಿ ಬಾಗಿಲ ಇಕ್ಕೆಲಗಳಲ್ಲಿ ಕಲ್ಲನ್ನು ಜಾಲಂದರವಾಗಿ ಕೊರೆದು ಬೆಳಕನ್ನು ಸೋಸಿದ್ದಾರೆ. ಅದೇ ಗುಡಿಯಲ್ಲಿ ಪಂಚತಂತ್ರದ ಕಥೆಗಳನ್ನು ಕೆತ್ತಿದ್ದಾರೆ. ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದದ್ದು ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1031ರಲ್ಲಿ. ಆ ಶತಮಾನದಲ್ಲೇ ಆ ಕಥೆಗಳು ಕಲ್ಲಿಗೂ ಬಂದವು. ಓದು ಬಾರದವನೂ ಗೋಡೆಯ ಮುಂದೆ ನಿಂತು ಕಥೆ ತಿಳಿಯಬಹುದಿತ್ತು.

ಮೂರನೆಯದಾಗಿ, ಉಳಿಯದೆ ಹೋದ ಕಟ್ಟಡ. ವಿದ್ಯಾರ್ಥಿಗಳು ಮಲಗುತ್ತಿದ್ದ ಕೋಣೆಗಳು, ಅಡುಗೆಮನೆ, ಓಲೆಗರಿ ಇಡುತ್ತಿದ್ದ ಜಾಗ, ಇವು ಯಾವುವೂ ಇಂದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ನಮ್ಮವರು ದೇವರಿಗೆ ಕಲ್ಲಿನ ಮನೆ ಕಟ್ಟಿದರು, ತಮಗೆ ಮರ ಮಣ್ಣಿನ ಮನೆ ಕಟ್ಟಿಕೊಂಡರು. ಕಲಬುರಗಿ ಸೀಮೆಯ ನಾಗಾವಿಯಲ್ಲಿ ಘಟಿಕಾಸ್ಥಾನದ ಅರವತ್ತು ಕಂಬದ ಕಟ್ಟಡವೊಂದು ನಿಂತಿದೆ. ಅಲ್ಲಿನ 1058ರ ಶಾಸನ ವೇದ ಓದುವ 200 ಮಂದಿ, ಶಾಸ್ತ್ರ ಓದುವ 52 ಮಂದಿ, ಪುಸ್ತಕ ನೋಡಿಕೊಳ್ಳುವ 6 ಜನ ಸರಸ್ವತೀ ಭಂಡಾರಿಗರು ಎಂದು ಲೆಕ್ಕ ಕೊಡುತ್ತದೆ. ಇಂಡಿ ತಾಲ್ಲೂಕಿನ ಸಾಲೋಟಗಿಯ 945ರ ಶಾಸನ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳನ್ನು ಹೇಳುತ್ತದೆ. ಕೋಡಿಯ ಮಠದ ಶಾಸನ ಇಂಥ ಸಂಖ್ಯೆಗಳ ಕಡೆಗೆ ಹೋಗದೆ ಬೇರೆಯದನ್ನು ಹೇಳುತ್ತದೆ. ನನ್ನ ಮಟ್ಟಿಗೆ ಅದು ಈ ಎರಡಕ್ಕಿಂತಲೂ ದೊಡ್ಡದು.

ಇದು 1162ರ ಶಾಸನ. ಬಸವಣ್ಣನವರ ಕಾಲದ ಅದೇ ಬಿಜ್ಜಳನ ಆಳ್ವಿಕೆ. ಮಠದ ಆಚಾರ್ಯರು ಕಾಳಾಮುಖ ಶೈವರು, ಆಗಿನ ಗುರು ವಾಮಶಕ್ತಿ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಇದನ್ನು ಅಚ್ಚು ಹಾಕಿಸಿದ್ದಾರೆ, ನಮ್ಮ ಗ್ರಂಥಾಲಯದಲ್ಲಿ ಸಿಗದಿದ್ದರೆ ತರಿಸಿಕೊಡಬೇಕೆಂದು ಪ್ರಾಂಶುಪಾಲರಲ್ಲಿ ವಿನಂತಿ. ಮಠ ಏನೇನಕ್ಕೆ ಸ್ಥಾನ ಎಂದು ಶಾಸನ ಒಂದೊಂದಾಗಿ ಹೇಳುತ್ತಾ ಹೋಗುತ್ತದೆ. ಅಂಗಗಳೊಡನೆ ನಾಲ್ಕು ವೇದಗಳನ್ನು ಓದುವ ಸ್ಥಾನ. ಕೌಮಾರ, ಪಾಣಿನೀಯ, ಶಾಕಟಾಯನ ಮುಂತಾದ ವ್ಯಾಕರಣಗಳಿಗೆ ಸ್ಥಾನ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳಿಗೆ ಸ್ಥಾನ. ಲಾಕುಲ ಸಿದ್ಧಾಂತ, ಪತಂಜಲಿಯ ಯೋಗ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ.

ಈ ಪಟ್ಟಿಯಲ್ಲಿ ಎರಡು ಹೆಸರುಗಳ ಬಳಿ ನಿಲ್ಲೋಣ. ಶಾಕಟಾಯನ ಜೈನ ವೈಯಾಕರಣ, ಅಮೋಘವರ್ಷ ನೃಪತುಂಗನ ಕಾಲದವನು. ಬೌದ್ಧ ದರ್ಶನವಂತೂ ವೇದವನ್ನು ಒಪ್ಪದ್ದು. ಲಿಂಗವನ್ನು ಪೂಜಿಸುವ ಮಠ ಜೈನನ ವ್ಯಾಕರಣವನ್ನು ಓದಿಸಿತು, ಬುದ್ಧನ ತರ್ಕವನ್ನು ಪಾಠಕ್ಕಿಟ್ಟಿತು, ತನ್ನ ಗುಡಿಯ ಉತ್ತರದ ಕೋಣೆಯಲ್ಲಿ ವಿಷ್ಣುವನ್ನು ಇರಿಸಿತು. ವಾದದಲ್ಲಿ ಎದುರಾಳಿಯನ್ನು ಗೆಲ್ಲಲು ಅವನ ಶಾಸ್ತ್ರ ಓದಬೇಕಾಗಿತ್ತು, ಅದಕ್ಕಾಗಿ ಓದಿದರು ಎಂದು ಕೆಲವು ವಿದ್ವಾಂಸರು ಹೇಳಬಹುದು. ಇರಲಿ. ಗೆಲ್ಲಲಿಕ್ಕಾದರೂ ಎದುರಾಳಿಯ ಪುಸ್ತಕವನ್ನು ಪೂರ್ತಿ ಓದುವ ಶಿಸ್ತು ಅವರಿಗಿತ್ತು.

ಶಾಸನ ಇಲ್ಲಿಗೆ ನಿಲ್ಲುವುದಿಲ್ಲ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಊಟ ಹಾಕುವ ಸ್ಥಾನ. ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಕೊಳಲೂದುವವರಿಗೆ, ನರ್ತಿಸುವವರಿಗೆ ಊಟದ ಸ್ಥಾನ. ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಹಂಸರು, ಪರಮಹಂಸರು, ನಾನಾ ದೇಶಗಳಿಂದ ಬಂದ ಭಿಕ್ಷುಗಳಿಗೆ ಊಟದ ಸ್ಥಾನ. ರೋಗಿಗಳಿಗೆ ಔಷಧ ಕೊಡುವ ಸ್ಥಾನ. ಕೊನೆಗೆ, ಎಲ್ಲ ಜೀವಿಗಳಿಗೂ ಅಭಯದ ಸ್ಥಾನ.

ಉತ್ಸಾಹಿಗಳು ಇದನ್ನು ವಿಶ್ವವಿದ್ಯಾಲಯವೆಂದು ಕರೆಯುತ್ತಾರೆ. ಅವರ ಅಭಿಮಾನ ನನಗೆ ಅರ್ಥವಾಗುತ್ತದೆ, ಆದರೆ ಆ ಪದ ನನಗೆ ಒಗ್ಗುವುದಿಲ್ಲ. ಕಿವುಡನಿಗೆ ಊಟ, ಮದ್ದಳೆಯವನಿಗೆ ಊಟ ಎಂದು ತನ್ನ ಕರ್ತವ್ಯದ ಪಟ್ಟಿಯಲ್ಲಿ ಕಾವ್ಯ ನಾಟಕದ ಬೆನ್ನಿಗೇ ಬರೆದುಕೊಳ್ಳುವ ವಿಶ್ವವಿದ್ಯಾಲಯವನ್ನು ನಾನು ಕಂಡಿಲ್ಲ. ಮಠ ಎಂಬ ಅದರ ಹೆಸರನ್ನೇ ಉಳಿಸೋಣ. ಇನ್ನು, ಮದ್ದಳೆಯ ಮಾತು ಬಂದಾಗ ಈ ಊರಿನವರ ಮನಸ್ಸು ಅಲ್ಲಮಪ್ರಭುವಿನ ಕಡೆಗೆ ಹೋಗದೆ ಇರದು. ಅಲ್ಲಮ ಬಳ್ಳಿಗಾವಿಯವನು, ಮದ್ದಳೆ ನುಡಿಸುತ್ತಿದ್ದವನು ಎಂಬುದು ನಮ್ಮ ಪರಂಪರೆಯ ಮಾತು. ಅವನ ವಚನಗಳಲ್ಲಿ ಎಲ್ಲ ದರ್ಶನಗಳ ಪರಿಭಾಷೆಯೂ ಅಂಗೈ ನೆಲ್ಲಿಯಂತೆ ಇರುವುದನ್ನು ಕಂಡಾಗ, ಅವನು ಹುಟ್ಟಿ ಬೆಳೆದ ಊರಿನಲ್ಲಿ ಯಾವ ಯಾವ ಮಾತು ದಿನವೂ ಕಿವಿಗೆ ಬೀಳುತ್ತಿತ್ತು ಎಂಬುದನ್ನು ನೆನೆಯುತ್ತೇನೆ.

ಕೊನೆಯ ಭಾಗ ಚಿಕ್ಕದು. ಆ ಕಾಲದ ದತ್ತಿ ಶಾಸನಗಳಲ್ಲಿ ದಾನ ಯಾವುದಕ್ಕೆ ಎಂದು ಹೇಳುವಾಗ ಕೆಲವು ಬಾಬ್ತುಗಳು ಮತ್ತೆ ಮತ್ತೆ ಬರುತ್ತವೆ: ದೇವರ ಅಂಗಭೋಗ ರಂಗಭೋಗ, ತಪೋಧನರ ಆಹಾರದಾನ, ವಿದ್ಯಾದಾನ, ಮತ್ತು ಖಂಡಸ್ಫುಟಿತ ಜೀರ್ಣೋದ್ಧಾರ. ಕೊನೆಯದರ ಅರ್ಥ ಮುರಿದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಪಡಿಸುವುದು. ಗುಡಿ ಹೊಸದಾಗಿ ಹೊಳೆಯುತ್ತಿರುವಾಗಲೇ ಅದು ಮುಂದೊಂದು ದಿನ ಬಿರಿಯುತ್ತದೆ ಎಂದು ತಿಳಿದು, ಅದಕ್ಕೂ ಭೂಮಿ ಬಿಟ್ಟವರು ಅವರು. ಇಂದಿನ ಕಟ್ಟಡಗಳ ಅಂದಾಜುಪಟ್ಟಿಯಲ್ಲಿ ಶಂಕುಸ್ಥಾಪನೆಗೆ ಹಣವಿರುತ್ತದೆ, ಉದ್ಘಾಟನೆಗೆ ಹಣವಿರುತ್ತದೆ, ಹತ್ತನೆಯ ವರ್ಷದ ಸೋರುವ ಮಾಡಿಗೆ ಇರುವುದಿಲ್ಲ. ಈ ದತ್ತಿಯನ್ನಿಟ್ಟ ಮನೆತನದವರಲ್ಲಿ ಸಲಿಗೆಯಿಂದ ಒಂದು ಕೋರಿಕೆ: ಬಡ್ಡಿ ಹಣದಲ್ಲಿ ಪ್ರತಿವರ್ಷ ಒಂದು ಪಾಲನ್ನು ಇಂಥ ಉಪನ್ಯಾಸಕ್ಕೆ ಕೊಡುವಂತೆ ಇನ್ನೊಂದು ಪಾಲನ್ನು ಈ ಕಾಲೇಜಿನ ಹಳೆಯ ಗ್ರಂಥಾಲಯದ ಹೆಂಚಿಗೆ, ಗೆದ್ದಲು ಹಿಡಿದ ಕಪಾಟಿಗೆ ಎತ್ತಿಡಿ. ಅದನ್ನು ಲೆಕ್ಕದ ಪುಸ್ತಕದಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರ ಎಂದೇ ಬರೆಯಿರಿ.

ನಾಳೆ ಭಾನುವಾರ. ಬರಲು ಇಷ್ಟವಿರುವ ವಿದ್ಯಾರ್ಥಿಗಳು ಬೆಳಗಿನ ಮೊದಲ ಬಸ್ಸಿಗೆ ಶಿಕಾರಿಪುರದ ನಿಲ್ದಾಣದಲ್ಲಿ ಸಿಗಿ. ಗುಡಿ ಪೂರ್ವಕ್ಕೆ ಮುಖ ಮಾಡಿರುವುದರಿಂದ ಬಿಸಿಲು ಏರುವ ಮೊದಲೇ ಹೋಗಬೇಕು, ಆಗ ಕಂಬಗಳ ಬಳೆಗಳನ್ನು ಒಂದೊಂದಾಗಿ ಎಣಿಸಬಹುದು. ಬರೆಯಲು ಒಂದು ಪುಸ್ತಕ ತನ್ನಿ, ಬುತ್ತಿ ತನ್ನಿ. ಮೊದಲು ಮಂಟಪದ ಜಗಲಿಯ ಮೇಲೆ ಅರ್ಧ ಗಂಟೆ ಸುಮ್ಮನೆ ಕೂರೋಣ. ಮಾತು ಆಮೇಲೆ.